ಸೊರಗಿದ ಸ್ನಾಯು, ಸೋತ ಸೊಂಟ

ಅರವತ್ತು ದಾಟಿದವರಿರುವ ಮನೆಗಳ ಬೀರುವಿನಲ್ಲಿ ಆಸ್ತಿ ಪತ್ರಗಳ ಪಕ್ಕದಲ್ಲೇ ಒಂದು ದೊಡ್ಡ ಕವರು ಇರುತ್ತದೆ. ಒಳಗೆ ಎಂಆರ್‌ಐ ಫಿಲ್ಮು, ಜೊತೆಗೊಂದು ಇಂಗ್ಲಿಷ್ ವರದಿ. ಎಲ್‌4–ಎಲ್‌5 ಡಿಸ್ಕ್ ಉಬ್ಬಿದೆ, ಅದರ ಕೆಳಗಿನದು ಸವೆದಿದೆ ಎಂದು ಅದರಲ್ಲಿ ಬರೆದಿರುತ್ತದೆ. ಮನೆಮಂದಿಯ ಬಾಯಲ್ಲಿ ಅದು ‘ಡಿಸ್ಕ್ ಜಾರಿದೆ’, ‘ಗ್ಯಾಪ್ ಬಂದಿದೆ’, ‘ನರ ಒತ್ತುತ್ತಿದೆ’ ಎಂದಾಗುತ್ತದೆ. ಅಂದಿನಿಂದ ಅಜ್ಜಿ ಬಗ್ಗುವಂತಿಲ್ಲ, ಬಿಂದಿಗೆ ಎತ್ತುವಂತಿಲ್ಲ, ನೆಲದ ಮೇಲೆ ಕೂರುವಂತಿಲ್ಲ. ಮಂಚ, ಕುರ್ಚಿ, ಟೀವಿ, ಸೊಂಟಕ್ಕೊಂದು ಬೆಲ್ಟ್.

ವರದಿಯಲ್ಲಿರುವುದು ಸುಳ್ಳಲ್ಲ. ಆದರೆ ನೋವಿಗೆ ಅದೇ ಕಾರಣ ಎಂದು ತೀರ್ಮಾನಿಸುವಲ್ಲಿ ಎಡವಟ್ಟಾಗುತ್ತದೆ. ಬೆನ್ನು ನೋವೇ ಇಲ್ಲದ ಜನರ ಸ್ಕ್ಯಾನ್ ಹೇಗಿರುತ್ತದೆ ಎಂದು ಅಮೆರಿಕದ ತಜ್ಞರ ತಂಡವೊಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಒಟ್ಟು 3,110 ಮಂದಿ. 2015ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ, ನೋವಿಲ್ಲದ ಇಪ್ಪತ್ತರ ಹರೆಯದವರಲ್ಲೇ 37% ಮಂದಿಗೆ ಡಿಸ್ಕ್ ಸವೆತವಿತ್ತು. ಎಂಬತ್ತರವರಲ್ಲಿ ಅದು 96%. ಡಿಸ್ಕ್ ಉಬ್ಬಿದವರು ಇಪ್ಪತ್ತರಲ್ಲಿ 30%, ಎಂಬತ್ತರಲ್ಲಿ 84%. ಅಂದರೆ ಎಂಬತ್ತರ ಅಜ್ಜನ ಬೆನ್ನಿನಲ್ಲಿ ಸವೆದ ಡಿಸ್ಕ್ ಕಾಣಿಸುವುದು ತಲೆಯಲ್ಲಿ ಬಿಳಿಗೂದಲು ಕಾಣಿಸಿದಷ್ಟೇ ಸಹಜ. ಕೂದಲಿಗೆ ಯಾರೂ ಬೆಲ್ಟ್ ಕಟ್ಟುವುದಿಲ್ಲ.

ಅದೇ ಫಿಲ್ಮಿನಲ್ಲಿ ನಮ್ಮಲ್ಲಿ ಯಾರೂ ನೋಡದ ಇನ್ನೊಂದು ಚಿತ್ರವಿದೆ. ಸೊಂಟವನ್ನು ಅಡ್ಡಕ್ಕೆ ಸೀಳಿದಂತೆ ತೆಗೆದ ಸಣ್ಣ ಚೌಕಗಳು. ನಡುವೆ ಮೂಳೆ, ಹಿಂಬದಿಯ ಎರಡೂ ಪಕ್ಕದಲ್ಲಿ ಬೂದುಬಣ್ಣದ ಎರಡು ದಪ್ಪ ಉಂಡೆ. ಅವೇ ಬೆನ್ನಿನ ಸ್ನಾಯುಗಳು. ಮೂವತ್ತರವನ ಫಿಲ್ಮಿನಲ್ಲಿ ಆ ಬೂದು ಬಣ್ಣ ಗಟ್ಟಿಯಾಗಿ, ಒಂದೇ ಸಮನಾಗಿ ಇರುತ್ತದೆ. ಎಪ್ಪತ್ತೈದರ ಅನೇಕರಲ್ಲಿ ಅದರೊಳಗೆ ಬಿಳಿ ಗೆರೆಗಳು, ಬಿಳಿ ತೇಪೆಗಳು. ಆ ಬಿಳಿಯೆಲ್ಲ ಕೊಬ್ಬು. ಮಾಂಸ ಇದ್ದ ಜಾಗದಲ್ಲಿ ಕೊಬ್ಬು ಬಂದು ಕೂತಿದೆ. ವರದಿಯಲ್ಲಿ ಇದರ ಬಗ್ಗೆ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ.

ಸೊಂಟದ ಭಾಗದ ಐದು ಮೂಳೆಗಳಿಂದ ಸ್ನಾಯುಗಳನ್ನೆಲ್ಲ ಬಿಡಿಸಿ, ಮೂಳೆ, ಡಿಸ್ಕ್, ಅವನ್ನು ಕಟ್ಟಿರುವ ಅಸ್ಥಿರಜ್ಜು ಇಷ್ಟನ್ನೇ ಉಳಿಸಿಕೊಂಡು ಮೇಲಿಂದ ಭಾರ ಹಾಕಿದರೆ ಎಷ್ಟು ತಡೆಯುತ್ತದೆ? ಪ್ರಯೋಗಾಲಯದಲ್ಲಿ ಇದನ್ನು ಅಳೆದಿದ್ದಾರೆ. ಸುಮಾರು 9 ಕೆ.ಜಿ.ಗೇ ಅದು ಬಾಗಿ ಕುಸಿಯುತ್ತದೆ. ಜೀವಂತ ಮನುಷ್ಯನಲ್ಲಿ ಅದರ ಮೇಲೆ ಎದೆ, ತಲೆ, ತೋಳು, ಹೆಗಲ ಚೀಲ ಎಲ್ಲ ಸೇರಿ ಅದರ ಹಲವು ಪಟ್ಟು ಭಾರ ಇರುತ್ತದೆ. ಹೊತ್ತು ನಿಲ್ಲಿಸಿರುವುದು ಸುತ್ತಲಿನ ಸ್ನಾಯು. ಅದರಲ್ಲೂ ಒಂದೊಂದು ಬೆನ್ನುಮೂಳೆಯನ್ನೂ ಹತ್ತಿರದಿಂದ ಹಿಡಿದಿಡುವ ಮಲ್ಟಿಫಿಡಸ್ ಎಂಬ ಆಳದ ಸ್ನಾಯು. ಇದು ಸೊರಗಿದರೆ ಕೀಲುಗಳ ಮೇಲೆ, ಡಿಸ್ಕಿನ ಮೇಲೆ ಹೊರೆ ಹೆಚ್ಚುತ್ತದೆ. ಉಳಿದ ಸ್ನಾಯುಗಳು ಅದರ ಕೆಲಸವನ್ನೂ ಎಳೆದು ದಣಿಯುತ್ತವೆ. ಸಂಜೆಯಾಗುತ್ತಲೇ ‘ಸೊಂಟ ಹಿಡ್ಕೊಂಡಿದೆ’ ಎನ್ನುವ ಹಿರಿಯರ ದೂರಿನಲ್ಲಿ ಈ ದಣಿವಿನ ಪಾಲು ದೊಡ್ಡದು.

ವಯಸ್ಸಿನ ಜೊತೆ ಸ್ನಾಯು ಕರಗುವುದಕ್ಕೆ ಸಾರ್ಕೊಪೀನಿಯಾ ಎಂಬ ಹೆಸರು ಬಂದದ್ದು 1989ರಲ್ಲಿ, ಅಮೆರಿಕದ ಪೋಷಣಾ ವಿಜ್ಞಾನಿ ಅರ್ವಿನ್ ರೋಸೆನ್‌ಬರ್ಗ್ ಅವರಿಂದ. ಅದಕ್ಕೆ ಅಲ್ಲಿನ ರೋಗಗಳ ಪಟ್ಟಿಯಲ್ಲಿ ತನ್ನದೇ ಸಂಖ್ಯೆ ಸಿಗಲು 2016ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ವೈದ್ಯರ ಲೆಕ್ಕದಲ್ಲೂ ಅದು ‘ವಯಸ್ಸಾಯ್ತಲ್ಲ’ ಅಷ್ಟೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ 3ರಿಂದ 8%ರಷ್ಟು ಸ್ನಾಯು ಹೋಗುತ್ತದೆ. ಅರವತ್ತರ ನಂತರ ವೇಗ ಹೆಚ್ಚು. ಗಾತ್ರಕ್ಕಿಂತ ಬಲ ಇನ್ನೂ ಬೇಗ ಇಳಿಯುತ್ತದೆ. ಬೆನ್ನುಹುರಿಯಿಂದ ಸ್ನಾಯುವಿಗೆ ಅಪ್ಪಣೆ ತರುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅವನ್ನು ನಂಬಿದ್ದ ಎಳೆಗಳಲ್ಲಿ ಕೆಲವನ್ನು ಪಕ್ಕದ ನರ ದತ್ತು ತೆಗೆದುಕೊಳ್ಳುತ್ತದೆ, ಉಳಿದವು ಬತ್ತುತ್ತವೆ. ಮೊದಲು ಹೋಗುವುದು ವೇಗದ ಎಳೆಗಳು. ಎಡವಿದಾಗ ತಟಕ್ಕನೆ ಕಾಲು ಮುಂದಿಟ್ಟು ಬೀಳದಂತೆ ಉಳಿಸುವುದು ಅವೇ.

ತೂಕದ ಯಂತ್ರ ಇದನ್ನು ಹೇಳುವುದಿಲ್ಲ. ಸ್ನಾಯು ಹೋಗಿ ಕೊಬ್ಬು ಬಂದರೆ ಮುಳ್ಳು ಅಲ್ಲೇ ನಿಲ್ಲುತ್ತದೆ. ನಮ್ಮ ದೇಶದವರಿಗೆ ಈ ಮೋಸ ಹುಟ್ಟಿನಿಂದಲೇ ಇದೆ. ಭಾರತೀಯ ಶಿಶುಗಳು ನೋಡಲು ತೆಳ್ಳಗಿದ್ದರೂ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಹೊತ್ತು ಹುಟ್ಟುತ್ತವೆ ಎಂದು ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರ ತಂಡ ತೋರಿಸಿಕೊಟ್ಟಿತು. ಇದರ ಮೇಲೆ ಸಕ್ಕರೆ ಕಾಯಿಲೆ ಸೇರಿದರೆ ಸವೆತ ಇನ್ನೂ ಬೇಗ.

ಇನ್ನು ನೋವಿಗೂ ಸ್ನಾಯುವಿಗೂ ಇರುವ ನಂಟು. ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸುವುದು ಸುಲಭವಲ್ಲ. ಎರಡೂ ಒಂದನ್ನೊಂದು ಬೆಳೆಸುತ್ತವೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೂಲಿ ಹೈಡ್ಸ್ ಮತ್ತು ಸಂಗಡಿಗರು ಮೊದಲ ಬಾರಿ ಬೆನ್ನು ಹಿಡಿದುಕೊಂಡವರ ಮಲ್ಟಿಫಿಡಸ್ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ಅಳೆದರು. ಯಾವ ಕಡೆ ನೋವೋ ಅದೇ ಕಡೆ ಸ್ನಾಯು ಸಣ್ಣಗಾಗಿತ್ತು. ಅದಕ್ಕಿಂತ ಮುಖ್ಯವಾದದ್ದು ಆಮೇಲೆ ಕಂಡಿತು: ಕೆಲವೇ ವಾರಗಳಲ್ಲಿ ನೋವು ಹೋಯಿತು, ಸ್ನಾಯು ಮಾತ್ರ ತಾನಾಗಿ ಮೊದಲಿನ ಗಾತ್ರಕ್ಕೆ ಬರಲಿಲ್ಲ. ಅದಕ್ಕೆಂದೇ ವ್ಯಾಯಾಮ ಮಾಡಿದವರಲ್ಲಿ ಬಂತು. ನಮ್ಮಲ್ಲಿ ನೋವು ಹೋದ ದಿನವೇ ಚಿಕಿತ್ಸೆ ಮುಗಿಯಿತು ಅನ್ನುತ್ತೇವೆ. ಆರು ತಿಂಗಳಿಗೆ ಮತ್ತೆ ಹಿಡಿದುಕೊಂಡಾಗ ‘ಅದೇ ಹಳೇ ಡಿಸ್ಕು’ ಎಂದು ಕವರು ಹೊರತೆಗೆಯುತ್ತೇವೆ.

ಹಾಸಿಗೆ ಹಿಡಿಸುವುದು ಇದಕ್ಕಿಂತ ದೊಡ್ಡ ಅಪಚಾರ. 2007ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರನ್ನು, ಸರಾಸರಿ ವಯಸ್ಸು 67, ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಅಷ್ಟರಲ್ಲೇ ಕಾಲುಗಳಿಂದ ಹೋದ ಸ್ನಾಯು ಸುಮಾರು 1 ಕೆ.ಜಿ. ಹತ್ತೇ ದಿನ! ‘ಅಮ್ಮ, ನೀವು ಏಳಬೇಡಿ, ನಾನೇ ತಂದುಕೊಡ್ತೀನಿ’ ಎನ್ನುವ ಸೊಸೆಯ ಮಾತಿನಲ್ಲಿ ಪ್ರೀತಿಯೇ ಇದೆ, ಅನುಮಾನವಿಲ್ಲ. ಆದರೆ ಆ ಒಂದು ಲೋಟ ನೀರಿಗಾಗಿ ಕುರ್ಚಿಯಿಂದ ಏಳುವುದೇ ಅಜ್ಜಿಗೆ ಆ ದಿನ ಉಳಿದಿದ್ದ ವ್ಯಾಯಾಮ. ಹೆಲ್ಸಿಂಕಿಯ ನಗರಸಭೆ ನೌಕರರ ಮೇಲೆ 1995ರಲ್ಲಿ ನಡೆದ ಪ್ರಸಿದ್ಧ ಪ್ರಯೋಗವೂ ಇದನ್ನೇ ಹೇಳಿತು: ಬೆನ್ನು ಹಿಡಿದುಕೊಂಡಾಗ ಮಲಗಿದವರಿಗಿಂತ, ನೋವು ಬಿಟ್ಟಷ್ಟು ಮಟ್ಟಿಗೆ ದಿನದ ಕೆಲಸ ಮಾಡಿಕೊಂಡಿದ್ದವರು ಬೇಗ ಚೇತರಿಸಿಕೊಂಡರು.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ಹೊರಡಿಸಿತು. ಹಿರಿಯರಿಗೆ ಏನು ಹೊಂದುತ್ತದೆ ಎಂಬುದನ್ನೂ ಅದರಲ್ಲಿ ಗಮನಿಸಲಾಗಿದೆ. ವ್ಯಾಯಾಮ, ತಿಳಿವಳಿಕೆ, ಅಗತ್ಯವಿದ್ದರೆ ಮನಸ್ಸಿಗೂ ಚಿಕಿತ್ಸೆ ಇವು ಬೇಕಾದವುಗಳ ಪಟ್ಟಿಯಲ್ಲಿವೆ. ದಿನನಿತ್ಯದ ಚಿಕಿತ್ಸೆಯಾಗಿ ಬೇಡ ಎಂದು ಹೇಳಿರುವ ಪಟ್ಟಿಯಲ್ಲಿ ಸೊಂಟದ ಬೆಲ್ಟ್, ಟ್ರ್ಯಾಕ್ಷನ್ ಎಂಬ ಎಳೆತ, ಚರ್ಮದ ಮೇಲಿಂದ ಕರೆಂಟ್ ಕೊಡುವ ಟೆನ್ಸ್, ಒಪಿಯಾಯ್ಡ್ ನೋವುಮಾತ್ರೆ ಇವೆ. ನಮ್ಮ ಊರುಗಳಲ್ಲಿ ಸೊಂಟ ನೋವಿನ ಚಿಕಿತ್ಸೆ ಎಂದರೆ ಇಂದಿಗೂ ಈ ಎರಡನೇ ಪಟ್ಟಿಯೇ.

ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆ. ಎಪ್ಪತ್ತರ ಆಸುಪಾಸಿನ ಹೆಂಗಸು, ಗದ್ದೆ ಕೆಲಸದ ಕೈ, ನಡು ಅರ್ಧಕ್ಕೆ ಬಾಗಿದೆ. ಫಿಸಿಯೋಥೆರಪಿಸ್ಟ್ ಹುಡುಗ ಕೈಯಿಲ್ಲದ ಕುರ್ಚಿಯೊಂದನ್ನು ಗೋಡೆಗೆ ಒತ್ತಿಟ್ಟ. “ಅಮ್ಮ, ಎರಡೂ ಕೈ ಎದೆ ಮೇಲೆ ಕಟ್ಕೊಳಿ. ಕೈ ಊರದೆ ಐದು ಸಲ ಎದ್ದು ಕೂತ್ಕೊಬೇಕು.” “ಕೈ ಊರದೆ ಏಳೋಕೆ ನಾನೇನು ಹುಡುಗೀನಾ ಮಾರಾಯ?” ಎಂದು ನಕ್ಕರು. ಸೆರಗು ಸಿಕ್ಕಿಸಿ, ಪಾದ ಹಿಂದಕ್ಕೆ ಎಳೆದುಕೊಂಡರು. ಮೊದಲೆರಡು ಸಲ ಆಯಿತು. ಮೂರನೆಯದಕ್ಕೆ ಎದ್ದವರು ಕೂರುವಾಗ ದೊಪ್ಪೆಂದು ಬಿದ್ದಂತೆ ಕೂತರು. ನಾಲ್ಕಕ್ಕೆ ಕೈ ತಾನಾಗಿಯೇ ಮಂಡಿಗೆ ಇಳಿಯಿತು. ಹುಡುಗ ಮೊಬೈಲಿನ ಗಡಿಯಾರ ನಿಲ್ಲಿಸಿ, ಚೀಟಿಯ ಮೇಲೆ ಬರೆದುಕೊಂಡ. ಅವರು ಬಂದದ್ದು ಸೊಂಟ ನೋವೆಂದು. ಅವನು ನೋಡುತ್ತಿದ್ದದ್ದು ತೊಡೆಯನ್ನು.

ಈ ಪರೀಕ್ಷೆಗೆ ಕಾಸು ಬೇಡ. ಸಾರ್ಕೊಪೀನಿಯಾ ಕುರಿತ ಏಷ್ಯಾ ತಜ್ಞರ ಗುಂಪು 2019ರಲ್ಲಿ ಹಾಕಿದ ಗೆರೆ ಹೀಗಿದೆ: ಕೈ ಊರದೆ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಸ್ನಾಯುವಿನ ಬಗ್ಗೆ ಯೋಚಿಸಬೇಕು. ಮೀನಖಂಡದ ಸುತ್ತಳತೆ ಗಂಡಸರಲ್ಲಿ 34 ಸೆಂ.ಮೀ., ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆಯಿದ್ದರೂ ಹಾಗೆಯೇ. ಅಳತೆ ಪಟ್ಟಿಯೂ ಇಲ್ಲದಿದ್ದರೆ ಜಪಾನಿನವರ ಉಪಾಯವಿದೆ: ಎರಡೂ ಕೈಯ ಹೆಬ್ಬೆರಳು, ತೋರುಬೆರಳುಗಳನ್ನು ಕೂಡಿಸಿ ಉಂಗುರ ಮಾಡಿ ಮೀನಖಂಡದ ದಪ್ಪ ಭಾಗವನ್ನು ಸುತ್ತಿ ಹಿಡಿಯಬೇಕು. ಬೆರಳುಗಳು ಕೂಡದಿದ್ದರೆ ಒಳ್ಳೆಯದು. ಕೂಡಿಯೂ ನಡುವೆ ಜಾಗ ಉಳಿದರೆ ಎಚ್ಚರ.

ಆ ಹೆಂಗಸಿನ ಬಾಗಿದ ನಡುವಿನ ಬಗ್ಗೆಯೂ ಜಪಾನಿನಿಂದಲೇ ಒಂದು ಮಾತಿದೆ. ಅಲ್ಲಿನ ಮೂಳೆವೈದ್ಯ ಟಾಕೆಮಿತ್ಸು ಮತ್ತು ಸಂಗಡಿಗರು 1988ರಲ್ಲಿ, ವರ್ಷಾನುಗಟ್ಟಲೆ ಬಗ್ಗಿ ಹೊಲಗೆಲಸ ಮಾಡಿದ ರೈತರಲ್ಲಿ ಸೊಂಟದ ಸಹಜ ಒಳಬಾಗು ಅಳಿಸಿಹೋಗಿ ನಡು ಮುಂದಕ್ಕೆ ಬಾಗುವುದನ್ನು ವಿವರಿಸಿದರು. ಅವರಲ್ಲಿ ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುಗಳೇ ಬತ್ತಿರುತ್ತವೆ. ಏಳುವಾಗ ನೆಟ್ಟಗಿರುವವರು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬಾಗಿಬಿಡುತ್ತಾರೆ. ಮಳೆಗಾಲವಿಡೀ ಕೆಸರಿನಲ್ಲಿ ಬಗ್ಗಿ ಸಸಿ ನೆಟ್ಟ ನಮ್ಮ ಹೆಂಗಸರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಹಿಂದಿನವರು ಬೀಸುಕಲ್ಲು, ಒರಳು, ಬಾವಿ ಎಂದು ದುಡಿದು ಗಟ್ಟಿಯಾಗಿದ್ದರು’ ಎಂಬ ಹೊಗಳಿಕೆ ಕೇಳಿದಾಗೆಲ್ಲ ನನಗೆ ಇರಿಸುಮುರಿಸು. ದುಡಿಮೆ ಇತ್ತು ನಿಜ; ಅದಕ್ಕೆ ತಕ್ಕ ಊಟ, ಬಿಡುವು ಇರಲಿಲ್ಲ. ಒಂದೇ ಭಂಗಿಯಲ್ಲಿ ದಿನವಿಡೀ ಬಗ್ಗುವುದು ವ್ಯಾಯಾಮವಲ್ಲ, ಸವೆತ.

ಊಟದ ಮಾತಿಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಸಾಕು. ವೃದ್ಧರ ಸ್ನಾಯು ಮಾತ್ರ ಸ್ವಲ್ಪ ಮಂದಗಿವಿಯದು. ಕಡಿಮೆ ಕೊಟ್ಟರೆ ಅದಕ್ಕೆ ಕೇಳಿಸುವುದೇ ಇಲ್ಲ. ಹಾಗಾಗಿ ಅರವತ್ತೈದು ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಎಂದು ಅಂತರರಾಷ್ಟ್ರೀಯ ತಜ್ಞರ ಗುಂಪು 2013ರಲ್ಲಿ ಹೇಳಿತು. ಐವತ್ತು ಕೆ.ಜಿ.ಯ ಅಜ್ಜಿಗೆ 50ರಿಂದ 60 ಗ್ರಾಂ. ಅವರು ತಿನ್ನುವುದೆಷ್ಟು? ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಸೌಟು ಅನ್ನಕ್ಕೆ ತಿಳಿಸಾರು, ನೀರುಮಜ್ಜಿಗೆ, ಸಂಜೆ ಕಾಫಿಗೆ ಅದ್ದಿದ ಎರಡು ಬಿಸ್ಕೆಟ್, ರಾತ್ರಿ ಗಂಜಿ. ಎಲ್ಲ ಕೂಡಿಸಿದರೂ ಮೂವತ್ತು ಗ್ರಾಂ ಮುಟ್ಟುವುದು ಕಷ್ಟ. ಏಕಾದಶಿ, ಸಂಕಷ್ಟಿ, ಶನಿವಾರದ ಒಪ್ಪತ್ತು ಬೇರೆ. ಗಂಡ ತೀರಿಕೊಂಡ ಮೇಲೆ ರಾತ್ರಿಯ ಊಟವನ್ನೇ ಬಿಟ್ಟು ‘ಫಲಾಹಾರ’ಕ್ಕೆ ಇಳಿದ ಹೆಂಗಸರು ನಮ್ಮ ಅನೇಕ ಮನೆಗಳಲ್ಲಿ ಇದ್ದರು, ಕೆಲವು ಕಡೆ ಈಗಲೂ ಇದ್ದಾರೆ. ಅದನ್ನು ವ್ರತ ಎಂದು ಗೌರವಿಸುವವರು ಅದು ಸ್ನಾಯುವಿಗೆ ಮಾಡುವುದನ್ನೂ ನೋಡಬೇಕು.

ಮಲೆನಾಡು, ಕರಾವಳಿಯ ಹಳೆಯ ಮನೆಗಳಲ್ಲಿ ಹಂಡೆಯಲ್ಲಿ ಹುರುಳಿ ಬೇಯುತ್ತಿತ್ತು. ಬೆಂದ ಕಾಳು ಕೊಟ್ಟಿಗೆಗೆ, ಬಸಿದ ಕಟ್ಟು ಅಡುಗೆಮನೆಗೆ. ಆ ಕಟ್ಟಿನ ಸಾರಿನ ರುಚಿಗೆ ಸಾಟಿಯಿಲ್ಲ, ಒಪ್ಪಿದೆ. ಆದರೆ ನೂರು ಗ್ರಾಂ ಹುರುಳಿಯಲ್ಲಿರುವ ಸುಮಾರು 22 ಗ್ರಾಂ ಪ್ರೋಟೀನಿನ ಹೆಚ್ಚು ಪಾಲು ಎತ್ತಿನ ಹೊಟ್ಟೆ ಸೇರುತ್ತಿತ್ತು! ಇಂದಿಗೂ ಬೇಳೆಯ ಸಾರಿನಲ್ಲಿ ತಿಳಿ ಅಜ್ಜನಿಗೆ, ಗಟ್ಟಿ ಮೊಮ್ಮಗನಿಗೆ. ಬದಲಾಗಬೇಕಿರುವುದು ಇದು. ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ, ಲೋಟ ಹಾಲಿನಲ್ಲಿ 6 ಗ್ರಾಂ ಸಿಗುತ್ತದೆ. ಹಲ್ಲಿಲ್ಲದವರಿಗೆ ಝುಣಕ, ಶೇಂಗಾ ಹಿಂಡಿ, ಹುರಿಗಡಲೆ ಹಿಟ್ಟು, ಮಿದುವಾಗಿ ಬೆಂದ ಕಾಳಿನ ಪಲ್ಯ, ಗಟ್ಟಿ ಮೊಸರು, ತಿನ್ನುವವರಿಗೆ ಮೀನು. ಒಂದೇ ಹೊತ್ತಿಗೆ ತುರುಕದೆ ಮೂರು ಹೊತ್ತಿಗೂ ಹಂಚಬೇಕು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಅಮೆರಿಕದಿಂದ ಬಂದ ಮಗ ಸೂಟ್‌ಕೇಸಿನಲ್ಲಿ ಪ್ರೋಟೀನ್ ಡಬ್ಬಿ ತರುತ್ತಾನೆ. ತರಲಿ, ತಪ್ಪಿಲ್ಲ. ಆದರೆ ಡಬ್ಬಿಯೊಂದರಿಂದ ಏನೂ ಆಗುವುದಿಲ್ಲ ಎಂಬುದಕ್ಕೆ ಅಮೆರಿಕದಲ್ಲೇ ಸಾಕ್ಷಿ ಇದೆ. ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನ್ 1990ರಲ್ಲಿ ವೃದ್ಧಾಶ್ರಮದ ಹತ್ತು ಮಂದಿಯನ್ನು, ಸರಾಸರಿ ವಯಸ್ಸು ತೊಂಬತ್ತು, ಭಾರ ಎತ್ತುವ ವ್ಯಾಯಾಮಕ್ಕೆ ಕೂರಿಸಿದರು. ತೊಂಬತ್ತರ ಮುದುಕರಿಗೆ ತೂಕದ ಯಂತ್ರವೇ ಎಂದು ಯಾರಾದರೂ ಹುಬ್ಬೇರಿಸುವಂಥ ಕೆಲಸ. ಎಂಟು ವಾರಕ್ಕೆ ಅವರ ತೊಡೆಯ ಬಲ ಸರಾಸರಿ 174% ಹೆಚ್ಚಿತು. 1994ರಲ್ಲಿ ಸರಾಸರಿ 87 ವಯಸ್ಸಿನ ನೂರು ಮಂದಿಯ ಮೇಲೆ ಇನ್ನೂ ಕಟ್ಟುನಿಟ್ಟಾಗಿ ಪರೀಕ್ಷಿಸಿದರು. ವ್ಯಾಯಾಮ ಮಾಡಿದವರ ಬಲ 113% ಏರಿತು. ಬರೀ ಪೌಷ್ಟಿಕ ಪೇಯ ಕುಡಿದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ.

ನಮ್ಮವರು ಕೇಳುವ ಮುಂದಿನ ಪ್ರಶ್ನೆ: “ನಾನು ದಿನಾ ವಾಕಿಂಗ್ ಹೋಗ್ತೀನಲ್ಲ?” ವಾಕಿಂಗ್ ಬಿಡಬಾರದು. ಸಿಡ್ನಿಯಲ್ಲಿ 701 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಮ್ಮೆ ಬೆನ್ನು ನೋವು ವಾಸಿಯಾದವರು ಕ್ರಮವಾಗಿ ನಡೆದರೆ ನೋವು ಮರಳಲು ಹಿಡಿದ ಕಾಲ 112 ದಿನದಿಂದ 208 ದಿನಕ್ಕೆ ಏರಿತು. ಆದರೆ ಲಾಲ್‌ಬಾಗಿನಲ್ಲಿ ಎರಡು ಸುತ್ತು ಹಾಕಿದ ಮಾತ್ರಕ್ಕೆ ತೊಡೆ, ಬೆನ್ನಿನ ಸ್ನಾಯು ಬೆಳೆಯುವುದಿಲ್ಲ. ಸ್ನಾಯು ಬೆಳೆಯುವುದು ತನಗೆ ಕಷ್ಟವಾಗುವಷ್ಟು ಹೊರೆ ಬಿದ್ದಾಗ. ಅರವತ್ತೈದು ದಾಟಿದವರು ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, ಮೂರು ದಿನ ಸಮತೋಲನದ ವ್ಯಾಯಾಮ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಜಿಮ್ ಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು. ಸಾಧ್ಯವಾಗದಿದ್ದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರಿಸಿ ಶುರು ಮಾಡುವುದು, ಬಲ ಬಂದಂತೆ ದಿಂಬು ತೆಗೆಯುವುದು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಗೋಡೆಗೆ ಅಂಗೈ ಒತ್ತಿ ತಳ್ಳುವುದು. ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ಯೋಗದವರು ಸೇತುಬಂಧ ಎನ್ನುವುದು ಇದನ್ನೇ. ಹತ್ತನೆಯದು ಕಷ್ಟವೆನಿಸಬೇಕು, ಸಲೀಸಾದ ದಿನ ಎರಡು ಹೆಚ್ಚಿಸಬೇಕು ಅಥವಾ ಕೈಯಲ್ಲೊಂದು ನೀರಿನ ಬಾಟಲಿ ಹಿಡಿಯಬೇಕು. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನಕ್ಕೂ ಹೆಚ್ಚಿದ ನೋವು ಉಳಿದರೆ ಪ್ರಮಾಣ ಇಳಿಸಿದರಾಯಿತು.

ಯೋಗದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು, ಏಕೆಂದರೆ ನಮ್ಮ ಪಾರ್ಕುಗಳಲ್ಲಿ ಎಪ್ಪತ್ತರ ಹೆಂಗಸರಿಗೂ ‘ಇನ್ನೂ ಬಗ್ಗಿ, ಹಣೆ ಮಂಡಿಗೆ ತಾಗಲಿ’ ಎಂದು ಹುರಿದುಂಬಿಸುವವರಿದ್ದಾರೆ. ಮೂಳೆ ಟೊಳ್ಳಾದ ಬೆನ್ನಿಗೆ ಇದು ಅಪಾಯ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ 1984ರಲ್ಲಿ, ಮುಟ್ಟು ನಿಂತು ಬೆನ್ನುಮೂಳೆ ಟೊಳ್ಳಾಗಿದ್ದ ಹೆಂಗಸರನ್ನು ಗಮನಿಸಿದಾಗ, ಮುಂದಕ್ಕೆ ಬಗ್ಗುವ ವ್ಯಾಯಾಮ ಮಾಡಿದವರಲ್ಲಿ 89% ಮಂದಿಗೆ ಹೊಸದಾಗಿ ಬೆನ್ನುಮೂಳೆ ಕುಸಿತ ಕಂಡಿತು. ಬೆನ್ನನ್ನು ಹಿಂದಕ್ಕೆ ಚಾಚುವ ವ್ಯಾಯಾಮದವರಲ್ಲಿ 16%. ಸಣ್ಣ ಅಧ್ಯಯನ, ಆದರೆ ವ್ಯತ್ಯಾಸ ದೊಡ್ಡದು. ಮೂಳೆಸವೆತ ಇರುವವರು ಪಶ್ಚಿಮೋತ್ತಾನಾಸನ, ಪಾದಹಸ್ತಾಸನಗಳನ್ನು ಕೈಬಿಟ್ಟು, ತಿಳಿದವರ ಎದುರು ಮಿತವಾಗಿ ಭುಜಂಗಾಸನದಂಥವನ್ನು ಮಾಡುವುದು ಮೇಲು.

ಎಲ್ಲ ಸೊಂಟ ನೋವೂ ವ್ಯಾಯಾಮಕ್ಕೆ ಜಗ್ಗುವುದಿಲ್ಲ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಕಾಲಿನ ಬಲ ಇದ್ದಕ್ಕಿದ್ದಂತೆ ಕುಸಿದರೆ ಅದೇ ದಿನ ಆಸ್ಪತ್ರೆ. ಜ್ವರ, ತೂಕ ಇಳಿಕೆ, ರಾತ್ರಿ ಎಬ್ಬಿಸುವ ನೋವು ಇದ್ದರೆ ಕ್ಷಯವೋ ಕ್ಯಾನ್ಸರೋ ಎಂದು ನೋಡಲೇಬೇಕು. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ. ಬಿದ್ದ ಮೇಲೆ ಅಥವಾ ಸಣ್ಣದೇನೋ ಎತ್ತಿದಾಗ ಚಳಕ್ಕೆಂದು ಶುರುವಾದ ನೋವು ಮೂಳೆ ಕುಸಿತದ್ದಿರಬಹುದು. ನಡೆದಂತೆ ಕಾಲು ಸೆಳೆದು, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರಾಗುವುದಾದರೆ ನರಗಳ ಹಾದಿ ಕಿರಿದಾಗಿರುವ ಸೂಚನೆ.

ಇವು ಯಾವುವೂ ಇಲ್ಲ ಎಂದಾದರೆ ನಿಮ್ಮ ವೈದ್ಯರಿಗೆ ಒಂದು ಪ್ರಶ್ನೆ ಕೇಳಿ: ಯಾವ ವ್ಯಾಯಾಮ, ಎಷ್ಟು ಸಲ, ವಾರಕ್ಕೆ ಎಷ್ಟು ದಿನ? ಬಹಳಷ್ಟು ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗವಿದೆ. 2010–11ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ಉದ್ದೇಶಗಳಲ್ಲಿ ಅದೂ ಒಂದು. ಅಲ್ಲಿಗೆ ಕಳಿಸಿಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮಾತ್ರೆಯ ಹೆಸರು ಬರೆಯುವ ಚೀಟಿಯ ಮೇಲೆಯೇ ವ್ಯಾಯಾಮವನ್ನೂ ಬರೆಸಿಕೊಳ್ಳಿ.